ದ್ರೆನ್ಯಾಕಿನ ಉಪ್ಪನ್ನು ಅಳೆದವರು

ಡಾಕ್ಟರ್ ದಾರಿಂಕಾ ಸ್ಟೊಯ್ಕೊವಿಚ್ ನಮ್ಮೂರಿನವರಲ್ಲ. ಹಾಗೆ ನೋಡಿದರೆ ನಾನೂ ಅಲ್ಲ. ಅವರು ನಲವತ್ತು ಕಿಲೋಮೀಟರ್ ಆಚೆಯ ಪಟ್ಟಣದ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರಾಗಿದ್ದವರು. ನಾನು ನೋವಿಸಾದ್ ನಗರದಲ್ಲಿ ಹುಟ್ಟಿ, ಅಲ್ಲೇ ಓದಿ, ಮದುವೆಯಾಗಿ ದ್ರೆನ್ಯಾಕಿಗೆ ಬಂದವಳು. ಆದರೂ ಈ ಊರಿನಲ್ಲಿ ಯಾರ ರಕ್ತದೊತ್ತಡ ಎಷ್ಟು, ಯಾರ ತಂದೆ ಯಾವ ವಯಸ್ಸಿಗೆ ಎದೆ ಹಿಡಿದುಕೊಂಡು ಬಿದ್ದರು, ಯಾರ ಮನೆಯ ಹೊಗೆಮಾಂಸಕ್ಕೆ ಎಷ್ಟು ಹಿಡಿ ಉಪ್ಪು ಬೀಳುತ್ತದೆ ಎನ್ನುವುದು ಅವರಿಗೆ ಗೊತ್ತಿರುವಷ್ಟು ಇಲ್ಲಿನ ಪಾದ್ರಿಗೂ ಗೊತ್ತಿಲ್ಲ.

ಅವರು ಇಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ಅವರ ಬಾಯಿಂದಲೇ ಕೇಳಿದ್ದೇನೆ. ೧೯೮೭ರ ಚಳಿಗಾಲದಲ್ಲಿ ಅವರ ವಾರ್ಡಿನಲ್ಲಿ ಎರಡು ತಿಂಗಳಲ್ಲಿ ಮೂವರು ಗಂಡಸರು ಸತ್ತರು. ಮೂವರಿಗೂ ಐವತ್ತೈದು ದಾಟಿರಲಿಲ್ಲ. ಮೂವರ ಕಾಗದದಲ್ಲೂ ಊರಿನ ಹೆಸರು ದ್ರೆನ್ಯಾಕ್ ಎಂದಿತ್ತು. ಮೂರನೆಯವನ ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿಕೊಂಡು, "ನಿನ್ನ ಗಂಡ ದಿನಾ ಏನು ತಿಂತಿದ್ದ?" ಎಂದು ಕೇಳಿದರಂತೆ. ಆ ಹೆಂಗಸು ಕಣ್ಣೊರೆಸಿಕೊಂಡು, "ಎಲ್ಲರೂ ತಿನ್ನೋದೇ ತಿಂತಿದ್ದ ಡಾಕ್ಟ್ರಮ್ಮ. ಆದ್ರೆ ಬಾಯಿಗೆ ಇಡೋಕೆ ಮುಂಚೆನೇ ಉಪ್ಪು ಹಾಕ್ಕೊತಿದ್ದ. ರುಚಿ ನೋಡಿ ಹಾಕ್ಕೊಂಡ್ರೆ ಅಡುಗೆ ಮಾಡಿದವಳಿಗೆ ಅವಮಾನ ಅಲ್ವಾ?" ಎಂದಳಂತೆ.

ಇದು ಇಲ್ಲಿಯ ಮರ್ಯಾದೆ. ರುಚಿ ನೋಡಿದ ಮೇಲೆ ಉಪ್ಪು ಕೇಳಿದರೆ ಅಡುಗೆ ಸಪ್ಪೆ ಎಂದಂತೆ; ನೋಡುವ ಮೊದಲೇ ಸುರಿದುಕೊಂಡರೆ ಯಾರನ್ನೂ ಅಂದಂತಾಗುವುದಿಲ್ಲ. ಮೂವತ್ತೈದರ ಆ ಡಾಕ್ಟರಿಗೆ ಈ ಮಾತು ಎಲ್ಲೋ ತಾಗಿತು. ಸತ್ತ ಮೇಲೆ ಸಹಿ ಹಾಕುವುದಕ್ಕಿಂತ ಸಾಯುವ ಮೊದಲು ಊಟದ ಮೇಜಿನ ಹತ್ತಿರ ಹೋಗುವುದು ಮೇಲು ಎನಿಸಿತು. ಅವರ ಮೇಲಿನವರು ನಕ್ಕರು. "ಇಲ್ಲಿ ಮಂಚಗಳೇ ಸಾಲ್ತಿಲ್ಲ, ನೀನು ಹಂದಿಗೂಡುಗಳ ಮಧ್ಯೆ ಏನು ಹುಡುಕ್ತೀಯಮ್ಮ?" ಎಂದರು. ಅವರು ರಜೆ ಹಾಕಿ ಬಂದರು.

ಮರುವರ್ಷ, ೧೯೮೮ರಲ್ಲಿ, ಇಪ್ಪತ್ತೈದರಿಂದ ಐವತ್ತೈದರವರೆಗಿನ ಇನ್ನೂರ ಹನ್ನೆರಡು ಜನರ ಹೆಸರು ಬರೆದುಕೊಂಡರು. ಐದು ವರ್ಷಕ್ಕೊಮ್ಮೆ, ಹೊಲದ ಕೆಲಸ ಮುಗಿದ ಶರತ್ಕಾಲದಲ್ಲಿ, ಅದೇ ಜನರ ರಕ್ತದೊತ್ತಡ, ತೂಕ, ರಕ್ತ, ಹೃದಯದ ಇಸಿಜಿ ನೋಡುವುದು; ಜೊತೆಗೆ ಒಂದು ದಿನ ಒಂದು ರಾತ್ರಿಯ ಮೂತ್ರವನ್ನು ದೊಡ್ಡ ಸೀಸೆಯಲ್ಲಿ ಹಿಡಿದು ಕೊಡಿಸುವುದು. ತಿಂದ ಉಪ್ಪೆಲ್ಲ ಹೆಚ್ಚುಕಡಿಮೆ ಅದರಲ್ಲೇ ಹೊರಗೆ ಬರುತ್ತದೆ. "ಬಾಯಿ ಸುಳ್ಳು ಹೇಳುತ್ತೆ, ಸೀಸೆ ಹೇಳಲ್ಲ" ಎನ್ನುವುದು ಅವರ ಮಾತು. ನಮ್ಮ ಮಾವ ಮಿಲೆಂತಿಯೆ ಆಗ ಇಪ್ಪತ್ತೆಂಟರ ಹುಡುಗ. ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ನಾಲ್ಕು ಸೇಬು ಇಟ್ಟು, ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿದ್ದರಂತೆ. ಡಾಕ್ಟರು ಸೇಬು ತಿಂದರು, ಸೀಸೆ ಇಟ್ಟುಕೊಂಡರು.

ಮೊದಲ ವರ್ಷಗಳಲ್ಲಿ ಅವರು ಮಾಡಿದ ದೊಡ್ಡ ತಪ್ಪನ್ನು ನಮ್ಮ ಅತ್ತೆ ರಾದೊಯ್ಕಾ ಇವತ್ತಿಗೂ ಬಿಡದೆ ಹೇಳುತ್ತಾರೆ. ಚಳಿಗಾಲಕ್ಕೆ ಪೀಪಾಯಿಯಲ್ಲಿ ಕೋಸು ಹುಳಿಹಾಕುವಾಗ ಅರ್ಧ ಉಪ್ಪು ಸಾಕು ಎಂದರಂತೆ ಡಾಕ್ಟರು. ಊರ ಹೆಂಗಸರು ಕೇಳಿದರು. ಜನವರಿ ಹೊತ್ತಿಗೆ ಅರ್ಧ ಊರಿನ ಕೋಸು ಲೋಳೆಯಾಗಿ ನಾರಿತು.

"ನಾಯಿ ಕೂಡ ಬೀದಿ ಬದಲಾಯಿಸ್ತಿತ್ತು ಕಣೇ" ಎನ್ನುತ್ತಾರೆ ಅತ್ತೆ. "ಆದ್ರೆ ನಿಜ ಹೇಳ್ಬೇಕು. ಆಯಮ್ಮ ಮನೆಮನೆಗೆ ಬಂದು, 'ನಂದೇ ತಪ್ಪು, ನಂಗೆ ಗೊತ್ತಿರ್ಲಿಲ್ಲ, ಕಲಿಸಿಕೊಡಿ' ಅಂದ್ಲು. ಡಾಕ್ಟ್ರು ಒಬ್ಬಳು ಹಂಗಂದಿದ್ದನ್ನ ನಾವು ಅಲ್ಲಿವರೆಗೂ ಕೇಳೇ ಇರ್ಲಿಲ್ಲ."

ಒಬ್ಬ ಮುದುಕಿ ಕಲಿಸಿದಳು: ಪೀಪಾಯಿಗೆ ಉಪ್ಪು ಬೇಕೇ ಬೇಕು, ಆದರೆ ಅಡುಗೆಗೆ ಮುಂಚೆ ಕೋಸನ್ನು ಎರಡು ನೀರಲ್ಲಿ ನೆನೆಸಿ ಹಿಂಡಿದರೆ ಸಾಕು. ಅಲ್ಲಿಂದ ಮುಂದೆ ಅವರು ಏನನ್ನೂ ಹೇಳುವ ಮೊದಲು ಅಡುಗೆಮನೆಯಲ್ಲಿ ಕೂತು ನೋಡತೊಡಗಿದರು. ಕೊನೆಗೆ ಅವರು ಊರಿಗೆ ಕೇಳಿದ್ದು ಎರಡೇ. ಮನೆಯವರು ಉಪ್ಪಿನ ಬಟ್ಟಲನ್ನು ಮೇಜಿನಿಂದ ಎತ್ತಿ ಎತ್ತರದ ಹಲಗೆಯ ಮೇಲೆ ಇಡಬೇಕು. ಬೇಕಾದವರು ಎದ್ದು ಹೋಗಿ ತರಲಿ. "ನಿಮ್ಮ ಸೋಮಾರಿತನದಷ್ಟು ಒಳ್ಳೆ ಔಷಧಿ ನನ್ನ ಹತ್ರ ಇಲ್ಲ" ಎನ್ನುತ್ತಿದ್ದರು ಗಂಡಸರಿಗೆ. ಬೇಕರಿಯವನು ಬ್ರೆಡ್ಡಿನ ಹಿಟ್ಟಿಗೆ ಹಾಕುವ ಉಪ್ಪನ್ನು ವರ್ಷಕ್ಕೊಂದಿಷ್ಟು, ಯಾರಿಗೂ ಹೇಳದೆ, ಇಳಿಸಬೇಕು. ಹೇಳಿದರೆ ಎಲ್ಲರಿಗೂ ಸಪ್ಪೆ ಎನಿಸುತ್ತದೆ. ಹೇಳಲಿಲ್ಲ, ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ.

ತೊಂಬತ್ತಮೂರರಲ್ಲಿ ಯುದ್ಧ, ನಿರ್ಬಂಧಗಳಿಂದಾಗಿ ದೇಶದಲ್ಲಿ ಪೆಟ್ರೋಲೂ ಇಲ್ಲ, ಔಷಧಿಯೂ ಇಲ್ಲ ಎನ್ನುವ ಕಾಲ. ಆಗಲೂ ಹಾಲಿನ ಲಾರಿಯಲ್ಲಿ, ಕ್ಯಾನುಗಳ ನಡುವೆ ಖಾಲಿ ಸೀಸೆಗಳನ್ನಿಟ್ಟುಕೊಂಡು ಬಂದರು. ಒಂದು ಸರದಿ ತಪ್ಪಿದರೆ ಮೊದಲಿನದ್ದೆಲ್ಲ ತುಂಡು ದಾರವಾಗುತ್ತದೆ ಎಂಬ ಭಯ ಅವರಿಗೆ. ಮದುವೆಯಾಗಲಿಲ್ಲ. ಯಾಕೆಂದು ಕೇಳುವಷ್ಟು ಸಲಿಗೆ ನನಗಿಲ್ಲ. ಅತ್ತೆಗೆ ಇತ್ತು, ಕೇಳಿದ್ದರು. "ಐದು ವರ್ಷಕ್ಕೊಂದ್ಸಲ ನೆನಪಾಗುತ್ತೆ ರಾದೊಯ್ಕಾ, ಅಷ್ಟೊತ್ತಿಗೆ ಸೀಸೆ ತೊಳೆಯೋ ಕಾಲ ಬಂದಿರುತ್ತೆ" ಎಂದರಂತೆ.

ನಾನು ಅವರನ್ನು ಮೊದಲು ನೋಡಿದ್ದು ೨೦೧೮ರ ನವೆಂಬರಿನಲ್ಲಿ, ಏಳನೆಯ ಸರದಿಯಲ್ಲಿ. ಅದೇ ಕಡೆಯದು. ಡಿಸೆಂಬರ್ ಕೊನೆಗೆ ಅವರ ನಿವೃತ್ತಿ. ಮೇ ತಿಂಗಳಲ್ಲಿ ರಾಜಧಾನಿಯ ದೊಡ್ಡ ಸಭೆಯೊಂದರಲ್ಲಿ ಮೂವತ್ತು ವರ್ಷದ ಲೆಕ್ಕವನ್ನು ಓದುವುದೆಂದು ಗೊತ್ತಾಗಿತ್ತು. ಉಪ್ಪು ನಿಜವಾಗಿ ಇಳಿದಿದ್ದರೆ ಬಟ್ಟಲು ಎತ್ತಿಡುವ, ಬ್ರೆಡ್ಡಿನ ಉಪ್ಪು ಮೆಲ್ಲಗೆ ಇಳಿಸುವ ಕ್ರಮವನ್ನು ಬೇರೆ ಎಲ್ಲ ಊರುಗಳಿಗೂ ತರುವ ಮಾತಿತ್ತು. ಇಳಿದಿರದಿದ್ದರೆ ಮೂವತ್ತು ವರ್ಷದ ಕೆಲಸ ಕಪಾಟಿನೊಳಗೆ. ಇದು ಊರಿಗೆಲ್ಲ ತಿಳಿದಿತ್ತು. ಎಲ್ಲ ಎಡವಟ್ಟೂ ಶುರುವಾದದ್ದು ಅಲ್ಲಿಂದಲೇ.

ಆಗ ನನ್ನ ಮಗಳು ಇಸ್ಕ್ರಾಳಿಗೆ ಐದು ತಿಂಗಳು. ಹೆರಿಗೆಯ ಹೊತ್ತಿಗೆ ನನ್ನ ಕಾಲು ಊದಿ, ರಕ್ತದೊತ್ತಡ ಏರಿ, ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟುಕೊಂಡಿದ್ದರು. ಇಳಿಯಿತು ಎಂದು ಕಳಿಸಿದರು. ನಾನು ನಂಬಲಿಲ್ಲ, ನಂಬದಿದ್ದರೂ ಮತ್ತೆ ಹೋಗಿ ತೋರಿಸಲೂ ಇಲ್ಲ. ಎಲ್ಲ ಭಯವನ್ನೂ ಮಗುವಿನ ಮೇಲೆ ಸುರಿದು, ಅವಳ ಕೆಮ್ಮು, ಅವಳ ತೂಕ ಎಂದು ಪರದಾಡುತ್ತ ನನ್ನ ತಲೆನೋವನ್ನು ನಿದ್ದೆಗೆಟ್ಟದ್ದಕ್ಕೆ ಲೆಕ್ಕ ಹಾಕಿಬಿಟ್ಟಿದ್ದೆ. ಫೋನಿನಲ್ಲಿ ನನ್ನಮ್ಮ ಬೇಡವೆಂದದ್ದರಿಂದ ಉಪ್ಪನ್ನು ಮಾತ್ರ ಪೂರಾ ಬಿಟ್ಟಿದ್ದೆ. ನನ್ನ ಸೂಪನ್ನು ಅತ್ತೆ "ಪಾತ್ರೆ ತೊಳೆದ ನೀರು" ಎನ್ನುತ್ತಿದ್ದರು.

ಸೀಸೆ ಮಾವನ ಹೆಸರಿಗೆ ಬಂದ ಬೆಳಿಗ್ಗೆ ಅತ್ತೆ ಅದನ್ನು ನನ್ನ ಮುಂದೆ ಇಟ್ಟರು.

"ಸೊಸೆ, ಇದನ್ನ ನೀನು ತುಂಬಿಸು."

"ನನ್ನದಾ? ಅದು ಮಾವಂದಲ್ವಾ ಅತ್ತೆ?"

"ನಿನ್ ಮಾವ ನೆಂಟರ ಮನೆ ಹಬ್ಬದಲ್ಲಿ ಮೂರು ದಿನ ಹೊಗೆಮಾಂಸ ಮುಕ್ಕಿ ಬಂದವ್ನೆ. ಅವನ ಮೂತ್ರಕ್ಕೆ ಇನ್ನೊಂದು ಪೀಪಾಯಿ ಕೋಸು ಹುಳಿಹಾಕ್ಬೋದು."

"ತಪ್ಪಾಗುತ್ತೆ ಅತ್ತೆ."

"ಏನು ತಪ್ಪು? ಮೂವತ್ತು ವರ್ಷ ಬಂದ ಮನುಷ್ಯಳು. ಹೊರಡ್ತಾ ಅವಳೆ. ಹೊರಟ ಅತಿಥಿ ಚೀಲಕ್ಕೆ ಮನೇಲಿರೋದ್ರಲ್ಲಿ ಚೆನ್ನಾಗಿರೋದನ್ನ ಹಾಕ್ತೀವೋ ಕೊಳೆತಿದ್ದನ್ನ ಹಾಕ್ತೀವೋ? ನಮ್ಮನೇಲಿ ಚೆನ್ನಾಗಿರೋದು ನಿಂದು. ಅಂಗಡಿ ಹತ್ರ ಎಲ್ಲಾ ಹೆಂಗಸ್ರೂ ಮಾತಾಡ್ಕೊಂಡಿದೀವಿ."

ಮಾವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ನಂದು ಕೊಡೋಕೆ ನಂಗೇನೂ ನಾಚಿಕೆ ಇಲ್ಲಪ್ಪ" ಎಂದರು.

"ನಿಂಗೆ ಯಾವುದಕ್ಕೆ ನಾಚಿಕೆ ಇದೆ" ಎಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು. ನಾನು ತುಂಬಿಸಿದೆ. ಓದಿದವಳು, ಹೊಸ ಸೊಸೆ, ಜಗಳ ಬೇಡ ಎಂದುಕೊಂಡೆ. ಅದು ಕಾರಣವಲ್ಲ, ನೆಪ. ಎಲ್ಲರೂ ಪ್ರೀತಿಯಿಂದ ಮಾಡುತ್ತಿರುವುದನ್ನು ಬೇಡವೆನ್ನುವ ಧೈರ್ಯ ನನಗೆ ಇರಲಿಲ್ಲ.

ಹನ್ನೆರಡು ದಿನದ ಮೇಲೆ, ಮಧ್ಯಾಹ್ನ, ಡಾಕ್ಟರು ಆಸ್ಪತ್ರೆಯ ಕಾರನ್ನು ತಾವೇ ಓಡಿಸಿಕೊಂಡು ನಮ್ಮ ಮನೆಗೆ ಬಂದರು. ಎತ್ತರದ ಹೆಂಗಸು. ಬಿಳಿ ಕೂದಲನ್ನು ಕತ್ತಿನವರೆಗೆ ಕತ್ತರಿಸಿದ್ದರು. ಅತ್ತೆ ಕೊಟ್ಟ ಕ್ವಿನ್ಸ್ ಹಣ್ಣಿನ ಪಾಕವನ್ನು ಒಂದು ಚಮಚ ತಿಂದು, ನೀರು ಕುಡಿದು, ಮಾವನನ್ನು ಎದುರಿಗೆ ಕೂರಿಸಿಕೊಂಡರು. ಮುಖ ಬೆಳಗುತ್ತಿತ್ತು.

"ಮೊದಲು ಒಳ್ಳೇದು ಹೇಳ್ತೀನಿ. ಊರಿಗೆ ಊರೇ ಅರ್ಧ ಇಳಿದಿದೆ ರಾದೊಯ್ಕಾ. ಹದಿನಾಲ್ಕು ಗ್ರಾಂ ಇದ್ದದ್ದು ಏಳಕ್ಕೆ ಬಂದಿದೆ. ನಾನು ಎರಡು ಸಲ ಲೆಕ್ಕ ಹಾಕಿದೆ. ಎಲ್ಲೂ ಹೀಗೆ ಇಳಿದಿದ್ದನ್ನ ನಾನು ನೋಡಿಲ್ಲ."

"ದೇವರು ದೊಡ್ಡವನು" ಎಂದರು ಅತ್ತೆ, ನನ್ನ ಕಡೆ ನೋಡದೆ.

"ಈಗ ಇನ್ನೊಂದು. ಮಿಲೆಂತಿಯೆ, ನಿನ್ನ ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ. ಸ್ವಲ್ಪ ಅಲ್ಲ, ಜಾಸ್ತಿ. ಮೂತ್ರಪಿಂಡ ನೋಡಿಸ್ಬೇಕು. ನಾಳೆನೇ ಬಾ, ನಾನು ಹೇಳಿಟ್ಟಿದೀನಿ. ತಡ ಮಾಡೋ ಹಾಗಿಲ್ಲ."

ಮಾವ ತಮ್ಮ ಹೊಟ್ಟೆಯನ್ನು ತಡವಿಕೊಂಡು ಹೆಂಡತಿಯ ಕಡೆ ನೋಡಿದರು. ಮೇಜಿನ ಕೆಳಗೆ ಅತ್ತೆಯ ಪಾದ ಬಂದು ನನ್ನ ಪಾದದ ಮೇಲೆ ಗಟ್ಟಿಯಾಗಿ ಕೂತಿತು. ಸುಮ್ಮನಿರು ಎಂದು. ನಾನು ಬಾಯಿ ತೆರೆದರೆ ಆ ಹೆಂಗಸಿನ ಮೂವತ್ತು ವರ್ಷ ಈ ಮೇಜಿನ ಮೇಲೇ ಒಡೆಯುತ್ತದೆ. ತೆರೆಯದಿದ್ದರೆ ಮಾವ ನಾಳೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಏನೂ ಇಲ್ಲವೆಂದು ಬರುತ್ತಾರೆ, ನಾನು ಇನ್ನೆಲ್ಲಾದರೂ ಸದ್ದಿಲ್ಲದೆ ತೋರಿಸಿಕೊಳ್ಳಬಹುದು. ಆ ದಾರಿಯೂ ಇತ್ತು. ಅದನ್ನು ಯೋಚಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

"ಡಾಕ್ಟ್ರೇ, ಅದು ನಂದು" ಎಂದೆ.

"ಯಾವುದು?"

"ಸೀಸೆ. ಮಾವಂದಲ್ಲ. ನಾನು ತುಂಬಿಸಿದ್ದು."

ಅತ್ತೆಯ ಪಾದ ಹಿಂದಕ್ಕೆ ಹೋಯಿತು. ಡಾಕ್ಟರು ನನ್ನನ್ನು ನೋಡಿದರು. ಅವರ ಮುಖದ ಬೆಳಕು ಹೋದದ್ದನ್ನು ಕಂಡೆ. ಆದರೆ ಅವರು ಸಂಶೋಧನೆಯ ಮಾತೆತ್ತಲಿಲ್ಲ. ಸೀಸೆಯ ಮಾತನ್ನೂ ಎತ್ತಲಿಲ್ಲ. ಎದ್ದು ನನ್ನ ಪಕ್ಕಕ್ಕೆ ಬಂದು, "ತೋಳು ಕೊಡು ಮಗಳೇ" ಎಂದು ಪಟ್ಟಿ ಸುತ್ತಿದರು. ನೂರ ಐವತ್ತೆಂಟು, ನೂರ ನಾಲ್ಕು. ಐದು ನಿಮಿಷ ಬಿಟ್ಟು ಇನ್ನೊಂದು ತೋಳು; ಅದರಲ್ಲೂ ಅಷ್ಟೇ.

"ತಲೆನೋವು ಇದೆಯಾ?"

"ನಿದ್ದೆ ಇಲ್ವಲ್ಲ, ಅದಕ್ಕೆ."

"ನಿದ್ದೆಗಲ್ಲ. ಹೆರಿಗೆ ಹೊತ್ತಲ್ಲಿ ಏರಿತ್ತಾ? ಆಮೇಲೆ ಯಾರೂ ನೋಡಿಲ್ವಾ?" ನನ್ನ ಕಾಲಿನ ಮೇಲೆ ಬೆರಳೊತ್ತಿ ಗುಳಿ ನೋಡಿದರು. "ಭಯಪಡೋ ಕಾಯಿಲೆ ಅಲ್ಲ, ಬಿಟ್ಟರೆ ಮಾತ್ರ ಭಯ. ನಾಳೆ ನೀನು ಬಾ. ಮಗುಗೆ ಹಾಲು ಕೊಡೋದು ನಿಲ್ಲಿಸ್ಬೇಕಾಗಿಲ್ಲ, ಅದಕ್ಕೆ ಹೊಂದೋ ಮಾತ್ರೆ ಇದೆ."

ನಾನು ಕೇಳಬೇಕೆಂದಿದ್ದ ಪ್ರಶ್ನೆಗೆ ಕೇಳುವ ಮೊದಲೇ ಉತ್ತರ ಕೊಟ್ಟಿದ್ದರು. ಕಾಗದ ಬರೆದು, ನಾಳೆಯ ಹೊತ್ತು ಗೊತ್ತು ಮಾಡಿ, ಅದನ್ನು ನನ್ನ ಕೈಗಿಟ್ಟ ಮೇಲೆಯೇ ಕುರ್ಚಿಗೆ ವಾಪಸು ಹೋಗಿ ಕೂತರು. ಒಂದು ಲೋಟ ನೀರು ಕೇಳಿದರು.

"ಉಳಿದ ಮನೆಗಳು, ರಾದೊಯ್ಕಾ?"

ಅತ್ತೆ ಸೆರಗಂಚಿನಂತೆ ಅಡುಗೆಯ ಮೇಲುಡುಪಿನ ತುದಿ ಹಿಡಿದು ಸುರುಳಿ ಸುತ್ತುತ್ತಿದ್ದರು. "ಎಲ್ಲಾ ಅಲ್ಲ. ಅರ್ಧದ ಮೇಲೆ ಇರ್ಬೋದು."

"ಯಾಕೆ?"

"ನೀವು ಹೊರಟಿದ್ರಿ. ನಿಮಗೆ ಚೆನ್ನಾಗಿರೋದನ್ನ ಕೊಡೋಣ ಅಂತ."

"ನಂಗೆ ಚೆನ್ನಾಗಿರೋದು ಬೇಡ ಕಣೇ. ನಿಮ್ಮದು ಬೇಕಿತ್ತು."

ಡಾಕ್ಟರು ತಮ್ಮ ಪುಸ್ತಕ ತೆಗೆದು ಮಾವನ ಹಾಳೆಯಲ್ಲಿ ಒಂದು ಅಂಕಿಯ ಮೇಲೆ ಬೆರಳಿಟ್ಟರು. "ಇದು ನೋಡಿ, ಕ್ರಿಯಾಟಿನಿನ್, ಮೈಯಲ್ಲಿ ಮಾಂಸಖಂಡ ಎಷ್ಟಿದೆಯೋ ಅಷ್ಟು ಹೋಗುತ್ತೆ. ನೂರು ಕಿಲೋ ಗಂಡಸಿನ ಸೀಸೆಯಲ್ಲಿ ಈ ಅಂಕಿ ಇದರ ಎರಡರಷ್ಟು ಇರ್ಬೇಕು. ಪ್ರಯೋಗಾಲಯದವರು ಬರೆದೇ ಕಳಿಸಿದ್ರು. ಹೀಗೆ ಎಪ್ಪತ್ತು ಹಾಳೆ ಇತ್ತು. ನಾನು ನೋಡಿದೆ. ನೋಡಿ, ಮುದುಕರಾಗಿದ್ದಾರೆ, ಮೈ ಇಳಿದಿದೆ ಅಂತ ಮುಂದಕ್ಕೆ ಹೋದೆ. ಬೇರೆಯವರು ಹಿಂಗೆ ಮಾಡಿದ್ರೆ ನಾನು ಬಿಡ್ತಿರ್ಲಿಲ್ಲ." ಪುಸ್ತಕ ಮುಚ್ಚಿದರು. "ನಿಮ್ಮ ತಪ್ಪು ಪ್ರೀತಿದು. ನನ್ನದು ಆಸೆದು. ನಂದೇ ದೊಡ್ಡದು."

ಅತ್ತೆ ಅತ್ತರು. ಅವರು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆ ವಾರವೇ ಡಾಕ್ಟರು ಸಭೆಯವರಿಗೆ ಪತ್ರ ಬರೆದು ಆಗಲೇ ಕಳಿಸಿದ್ದ ಲೆಕ್ಕವನ್ನು ಹಿಂದಕ್ಕೆ ಪಡೆದರು. ಕೊನೆಯ ಸರದಿ ಸರಿಯಿಲ್ಲ, ಪರೀಕ್ಷಿಸುವುದರಲ್ಲಿ ನಾನು ಎಡವಿದ್ದೇನೆ ಎಂದು ಬರೆದರು. ಊರಿನವರ ಹೆಸರೆತ್ತಲಿಲ್ಲ. ಡಿಸೆಂಬರಿನಲ್ಲಿ ಆಸ್ಪತ್ರೆಯವರು ಹೂಗುಚ್ಛ ಕೊಟ್ಟು ಬೀಳ್ಕೊಟ್ಟರು. ಸೀಸೆಗಳನ್ನು ಮತ್ತೆ ಹಂಚಬೇಕಿತ್ತು. ಆದರೆ ಇಲ್ಲಿ ಜನವರಿ ಏಳಕ್ಕೆ ಬರುವ ಕ್ರಿಸ್ಮಸ್ಸಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಊರು ಮಾಂಸ, ಕೆನೆ ಮುಟ್ಟುವುದಿಲ್ಲ. ಆಗ ಅಳೆದರೆ ಅದೂ ಸುಳ್ಳೇ ಎಂದು ಕಾದರು. ಜನವರಿ ಕೊನೆಗೆ ಬಸ್ಸಿನಲ್ಲಿ ಬಂದಿಳಿದರು. ಪ್ರಯೋಗಾಲಯದಲ್ಲಿದ್ದ ಅವರ ಹಳೆಯ ಶಿಷ್ಯೆ ಮತ್ತೊಮ್ಮೆ ಅಳೆದುಕೊಡಲು ಒಪ್ಪಿದ್ದಳು.

ಈ ಸಲ ನಮ್ಮ ಮಾವ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಲಿಲ್ಲ. ಹಿಮದ ಬೀದಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಕೈಯಲ್ಲಿ ಎತ್ತಿಹಿಡಿದು ಡಾಕ್ಟರು ಕೂತಿದ್ದ ಶಾಲೆಯವರೆಗೆ ನಡೆದರು. ಬೇಕರಿಯವನು ಬಾಗಿಲಿಗೆ ಬಂದು, "ಏನು ಮಿಲೆಂತಿಯೆ, ಮದುವೆ ದಿಬ್ಬಣದ ರಾಕಿಯಾ ಸಾರಾಯಿ ಸೀಸೆ ಹೊತ್ತವನ ಥರ ಹೊರಟೆ?" ಎಂದ.

"ನಂದೇ ಕಣಯ್ಯ" ಎಂದರು ಮಾವ. "ಸಂಶಯ ಇದ್ರೆ ಮೂಸಿ ನೋಡು."

ನನ್ನ ಚಿಕಿತ್ಸೆಯೂ ಆ ಚಳಿಗಾಲದಲ್ಲೇ ನಡೆಯಿತು. ಮೂತ್ರಪಿಂಡ ನೋಡಿದರು, ಹೆರಿಗೆಯ ಕಾಯಿಲೆ ಪೂರ್ತಿ ಬಿಟ್ಟು ಹೋಗಿಲ್ಲ ಎಂದರು. ಮಾತ್ರೆ ಕೊಟ್ಟರು. ಡಾಕ್ಟರು ಫೋನ್ ಮಾಡಿ ಬೆಳಿಗ್ಗೆ ಸಂಜೆಯ ಅಂಕಿ ಕೇಳುತ್ತಿದ್ದರು. ನಾನು ಒಂದು ಅಂಕಿಗೆ ಹತ್ತು ಪ್ರಶ್ನೆ ಕೇಳುತ್ತಿದ್ದೆ. ಹತ್ತಕ್ಕೂ ಉತ್ತರ ಕೊಡುತ್ತಿದ್ದರು. ಒಂದು ದಿನ ಮಾತ್ರ, "ಮಗಳೇ, ಭಯ ಪಡು, ಬೇಡ ಅನ್ನಲ್ಲ. ಆದ್ರೆ ಭಯ ಪಟ್ಟಾಗೆಲ್ಲ ಒಂದ್ಸಲ ಅಳೆದು ನೋಡು. ಅಳೆದ ಮೇಲೆ ಅದು ಭಯ ಅಲ್ಲ, ಕೆಲಸ" ಎಂದರು. ಇಸ್ಕ್ರಾಳ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಪ್ರೋಟೀನ್ ಹೋಗುವುದು ನಿಂತಿತ್ತು. ಯಾರೂ ಅಳೆಯದಿದ್ದರೆ ಏನಾಗುತ್ತಿತ್ತು ಎಂದು ಅವರನ್ನು ಒಮ್ಮೆ ಕೇಳಿದೆ. ಅವರು ಆವತ್ತಿನ ಅಂಕಿ ಎಷ್ಟು ಎಂದು ಕೇಳಿದರು.

ಮೇ ತಿಂಗಳಲ್ಲಿ, ಸಭೆಗೆ ಹೋಗುವ ಹಿಂದಿನ ಭಾನುವಾರ, ಶಾಲೆಯಲ್ಲಿ ಊರಿನವರನ್ನು ಸೇರಿಸಿ ಹೊಸ ಲೆಕ್ಕವನ್ನು ಮೊದಲು ನಮಗೆ ಓದಿದರು. ಹದಿನಾಲ್ಕು ಗ್ರಾಂ ಇದ್ದದ್ದು ಹನ್ನೊಂದೂವರೆ ಆಗಿತ್ತು.

ಬೆಂಚುಗಳ ಮೇಲೆ ಗುಜುಗುಜು ಎದ್ದಿತು. "ಇಷ್ಟೇನಾ?" ಎಂದರು ಅತ್ತೆ. "ಮೂವತ್ತು ವರ್ಷಕ್ಕೆ ಎರಡೂವರೆ ಗ್ರಾಂ? ಮೊದಲಿನದ್ದೇ ಓದಿದ್ರೆ ಆಗ್ತಿತ್ತಲ್ವಾ ಡಾಕ್ಟ್ರಮ್ಮ, ನಿಮಗೆ ಎಷ್ಟು ಗೌರವ ಸಿಗ್ತಿತ್ತು."

"ಇನ್ನೊಂದು ಹಾಳೆ ಇದೆ ರಾದೊಯ್ಕಾ, ತಡಿ." ಕನ್ನಡಕ ಸರಿಮಾಡಿಕೊಂಡರು. "ನಾನು ಬರೋ ಮುಂಚಿನ ಹತ್ತು ವರ್ಷದಲ್ಲಿ, ಅರವತ್ತು ತುಂಬೋ ಮೊದಲೇ ಎದೆನೋವಿಂದಲೋ ಪಾರ್ಶ್ವವಾಯುವಿಂದಲೋ ಈ ಊರಲ್ಲಿ ಸತ್ತ ಗಂಡಸರು ಇಪ್ಪತ್ತಾರು. ಈ ಕಳೆದ ಹತ್ತು ವರ್ಷದಲ್ಲಿ ಒಂಬತ್ತು. ಊರು ಚಿಕ್ಕದಾಗಿದೆ, ಅದನ್ನ ಕಳೆದು ಹಾಕಿದ್ರೂ ಅರ್ಧಕ್ಕಿಂತ ಕಡಿಮೆ. ಎಲ್ಲಾ ಉಪ್ಪಿಂದ ಅಂತ ಹೇಳಲ್ಲ. ಮಾತ್ರೆ ಇದೆ, ಸಿಗರೇಟು ಬಿಟ್ಟವರಿದ್ದಾರೆ. ಎಷ್ಟು ಯಾವುದರಿಂದ ಅಂತ ಬಿಡಿಸೋಕೆ ನನ್ನ ಕೈಲಿ ಆಗಿಲ್ಲ, ಅದನ್ನೂ ಅಲ್ಲಿ ಹೇಳ್ತೀನಿ. ಆದ್ರೆ ಈ ಹಾಳೆಯನ್ನ ಯಾರೂ ಯಾರಿಗೋಸ್ಕರಾನೂ ತುಂಬಿಸಿಲ್ಲ. ಚರ್ಚಿನ ದಾಖಲೆ ತೆಗೆದು ನಾನೇ ಒಂದೊಂದೇ ಎಣಿಸಿದೀನಿ."

ಮಾವ ಲೆಕ್ಕ ಹಾಕುತ್ತಿದ್ದರೆಂದು ತೋರುತ್ತದೆ, ತುಟಿ ಅಲ್ಲಾಡುತ್ತಿತ್ತು. ಅವರ ತಂದೆ ಆ ಇಪ್ಪತ್ತಾರರಲ್ಲಿ ಒಬ್ಬರು. ಐವತ್ತೆರಡಕ್ಕೆ ಹೋದವರು. ಮಾವನಿಗೆ ಬರುವ ಆಗಸ್ಟಿಗೆ ಐವತ್ತೊಂಬತ್ತು.

"ಅಲ್ಲಿ ಜನ ಏನಂತಾರೆ, ಎರಡೂವರೆ ಗ್ರಾಂಗೆ?" ಎಂದು ಕೇಳಿದರು ಅವರು.

"ಕಮ್ಮಿ ಅಂತಾರೆ. ಪ್ರಶ್ನೆ ಕೇಳ್ತಾರೆ. ಕೇಳ್ಲಿ, ಎಲ್ಲದಕ್ಕೂ ನನ್ನ ಹತ್ರ ಉತ್ತರ ಇದೆ. ಮೊದಲಿನದ್ದಕ್ಕೆ ಇರ್ತಿರ್ಲಿಲ್ಲ."

ಸಭೆಯಲ್ಲಿ ಹಾಗೇ ಆಯಿತಂತೆ. ದೊಡ್ಡ ಚಪ್ಪಾಳೆ ಬೀಳಲಿಲ್ಲ. ಎಲ್ಲ ಊರುಗಳಿಗೂ ಎನ್ನುವ ಮಾತು ಮೂರು ಊರಿಗೆ ಇಳಿಯಿತು. ಆ ಮೂರು ಊರಿಗೆ ಸೀಸೆ ಹಂಚಲು ಈಗ ಅವರ ಶಿಷ್ಯೆ ಹೋಗುತ್ತಾಳೆ. ಮೊದಲ ಸರದಿಗೆ ಜೊತೆಯಲ್ಲಿ ಅರವತ್ತಾರರ ಡಾಕ್ಟರ್ ದಾರಿಂಕಾ ಕೂಡ ಬಸ್ಸು ಹತ್ತಿದರು. ಸೀಸೆ ಬದಲಾಯಿಸಬೇಡಿ ಎಂದು ಆ ಊರುಗಳ ಹೆಂಗಸರಿಗೆ ಬುದ್ಧಿ ಹೇಳಲು ಇನ್ನೊಬ್ಬರು ಬೇಕೆಂದರಂತೆ. ನಮ್ಮ ಅತ್ತೆ ಹೊಸ ಕೋಟು ಹಾಕಿಕೊಂಡು ಅವರ ಪಕ್ಕದ ಸೀಟಿನಲ್ಲಿ ಕೂತು ಹೋದರು.